ಗೆದ್ದವರು ಬಿಲ್ ಕೊಡುವ ಆಟ

ಕರ್ಲಿಂಗ್ ಆಡ್ತೀನಿ ಅಂದರೆ ನಮ್ಮ ಕಡೆಯವರು ಕೂದಲು ಗುಂಗುರು ಮಾಡಿಸುವುದು ಅಂದುಕೊಳ್ಳುತ್ತಾರೆ. ನನ್ನ ತಲೆ ನೋಡಿದ ಮೇಲೆ ಆ ಅನುಮಾನ ಉಳಿಯುವುದಿಲ್ಲ.

ಇದು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ. ನನಗೆ ಅಂಟಿಕೊಂಡದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಎಂ.ಎಸ್. ಓದುವಾಗ. ಕಾಲೇಜಿನ ಕರ್ಲಿಂಗ್ ತಂಡದವರು ಹೊಸಬರಿಗೆ ಪಿಜ್ಜಾ ಕೊಡ್ತೀವಿ ಅಂತ ಚೀಟಿ ಅಂಟಿಸಿದ್ದರು. ಕ್ರೀಡಾಸಕ್ತಿ ಅಂತೆಲ್ಲ ಸುಳ್ಳು ಹೇಳಲಾರೆ.

ಕಲ್ಲು ಅಂದರೆ ಗ್ರಾನೈಟಿನದು, ಹೆಚ್ಚುಕಮ್ಮಿ 20 ಕೆಜಿ. ಅಜ್ಜಿಯ ರುಬ್ಬುಗುಂಡನ್ನು ಚಪ್ಪಟೆ ಮಾಡಿ ಮೇಲೊಂದು ಹಿಡಿ ಕೂರಿಸಿದ ಹಾಗಿರುತ್ತದೆ. ಒಲಿಂಪಿಕ್ಸ್‌ನಲ್ಲಿ ಆಡುವ ಕಲ್ಲುಗಳು ಸ್ಕಾಟ್ಲೆಂಡಿನ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದವು. ಸುಮಾರು 45 ಮೀಟರ್ ಉದ್ದದ ಮಂಜಿನ ಪಟ್ಟಿ, ಎರಡೂ ತುದಿಯಲ್ಲಿ ಒಂದರೊಳಗೊಂದು ವೃತ್ತ. ಅದಕ್ಕೆ ಅವರೂ ಕುಂಟೆಬಿಲ್ಲೆಯವರ ಹಾಗೆ ‘ಮನೆ’ ಅಂತಲೇ ಅನ್ನುತ್ತಾರೆ.

ಒಂದು ಶೂಗೆ ಜಾರುವ ಟೆಫ್ಲಾನ್ ಅಡಿ, ಇನ್ನೊಂದಕ್ಕೆ ಹಿಡಿದು ನಿಲ್ಲುವ ರಬ್ಬರ್. ಮಂಜಿಗೆ ಇಳಿಯುವಾಗ ರಬ್ಬರ್ ಕಾಲೇ ಮುಂದು. ಹೇಳಿದ್ದರು, ನಿಜ. ಆದರೆ ಮನೆ ಪ್ರವೇಶ ಅಲ್ವಾ, ಅಭ್ಯಾಸಬಲದಿಂದ ಬಲಗಾಲಿಟ್ಟೆ. ನಾನು ಎಡಚ. ಎಡಚರಿಗೆ ಟೆಫ್ಲಾನ್ ಇರುವುದು ಬಲಗಾಲಿಗೇ! ಕಲ್ಲಿಗಿಂತ ಮೊದಲು ನಾನೇ ಮನೆ ಸೇರಿದೆ, ಬೆನ್ನ ಮೇಲೆ. ಎದ್ದು, ಕಾಲು ಚಾಚಿ ಬಗ್ಗಿ ಮೊದಲ ಕಲ್ಲು ಬಿಡುವಾಗ ಜೀನ್ಸ್ ಪರ್ರೆಂದಿತು. ಆ ಸದ್ದಿಗೆ ಪಕ್ಕದ ಪಟ್ಟಿಯವರೂ ಆಟ ನಿಲ್ಲಿಸಿದರು.

ಆಮೇಲೆ ಪೊರಕೆ. ಕಲ್ಲಿನ ಮುಂದೆ ಜೋರಾಗಿ ಉಜ್ಜಿದರೆ ಮಂಜು ತುಸು ಬಿಸಿಯಾಗಿ, ಕಲ್ಲು ಇನ್ನಷ್ಟು ದೂರ, ಹೆಚ್ಚು ನೇರವಾಗಿ ಹೋಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಸರಿ, ಕಸ ಎಲ್ಲಿ ಹಾಕ್ತೀರಾ?” ಅಂದಳು.

ಉಜ್ಜುವ ಪೊರಕೆ ಓಡುವ ಕಲ್ಲಿಗೆ ತಗುಲಿದರೆ ಆ ಕಲ್ಲು ‘ಸುಟ್ಟಿತು’ ಅಂತ ಲೆಕ್ಕ. ನಮ್ಮಂಥವರ ಕ್ಲಬ್ ಆಟದಲ್ಲಿ ಅಂಪೈರ್ ಇರುವುದಿಲ್ಲ, ತಗುಲಿಸಿದವನೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ನಾನು ಎತ್ತಿದಷ್ಟು ಕೈ ಗ್ರಾಮಸಭೆಯಲ್ಲೂ ಯಾರೂ ಎತ್ತಿರಲಾರರು. ನಮ್ಮ ತಂಡ ನನ್ನ ಪ್ರಾಮಾಣಿಕತೆಯಿಂದಲೇ ಎಷ್ಟೋ ಪಂದ್ಯ ಸೋತಿದೆ.

ಆದರೂ 30 ವರ್ಷ ಬಿಟ್ಟಿಲ್ಲ. ಯಾಕೆಂದರೆ ಈ ಆಟದಲ್ಲೊಂದು ಒಳ್ಳೆಯ ಪದ್ಧತಿ ಇದೆ: ಆಟ ಮುಗಿದ ಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂರುವುದು, ಗೆದ್ದವರು ಸೋತವರಿಗೆ ಕುಡಿಸುವುದು. ನನ್ನ ಸಂಪಾದನೆ ಊಹಿಸಿಕೊಳ್ಳಿ. ಬಿಯರ್ ಸೇರದ ನನಗಾಗಿ ಬಿಸಿ ಚಾಕೊಲೇಟ್ ಕೊಂಡವರ ಮೊಮ್ಮಕ್ಕಳು ಈಗ ನನ್ನೆದುರು ಆಡುತ್ತಾರೆ. ಗೆಲ್ಲುತ್ತಾರೆ ಕೂಡ.

ಮಂಡಿ ಕೈಕೊಟ್ಟ ಮೇಲೆ ಬಗ್ಗುವುದು ಬಿಟ್ಟೆ. ಕಲ್ಲಿನ ಹಿಡಿಗೆ ಕೋಲು ಸಿಕ್ಕಿಸಿ ನಿಂತೇ ತಳ್ಳಬಹುದು. ಕೋಲಿಗೇನು ಗ್ರಹ ಕೂಡಿತ್ತೋ, ಹೋದ ತಿಂಗಳು ನನ್ನ ಕೊನೆಯ ಕಲ್ಲು ಮನೆಯ ಮಧ್ಯಕ್ಕೇ ಹೋಗಿ ಕೂತಿತು. ಗೆದ್ದೆವು!

ಎಲ್ಲರೂ ಮೇಜಿಗೆ ಬಂದರು. ನಾನು ದೊಡ್ಡಸ್ತಿಕೆಯಿಂದ ಜೇಬಿಗೆ ಕೈ ಹಾಕಿದೆ. ಪರ್ಸ್ ಇಲ್ಲ. ಇಷ್ಟು ವರ್ಷ ಬೇಕೇ ಆಗಿರಲಿಲ್ಲವಲ್ಲ, ತರುವ ಅಭ್ಯಾಸವೇ ಇಲ್ಲ. ಸೋತ ಹುಡುಗಿಯೇ ಎಲ್ಲರ ಬಿಲ್ಲೂ ಕೊಟ್ಟು, “ಮುಂದಿನ ಸಲ ಗೆದ್ದಾಗ ತೀರಿಸಿ” ಅಂದಳು.

ಈಗ ಪ್ರತಿ ವಾರ ಪರ್ಸ್ ಒಯ್ಯುತ್ತಿದ್ದೇನೆ. ಸಾಲ ಹಾಗೇ ಇದೆ.