ಸ್ವಯಂಸೇವೆಯ ಫಲಶ್ರುತಿ

ಸ್ತೋತ್ರಕ್ಕೆ ಕಿವಿಗೊಡದವರೂ ಕೊನೆಯಲ್ಲಿ ಬರುವ ಫಲಶ್ರುತಿಯನ್ನು ತಪ್ಪದೆ ಕೇಳುತ್ತಾರೆ. ನಮ್ಮ ಮೈಸೂರು ಸೀಮೆಯ ಸಮುದಾಯ ಸೇವಾ ಕಾರ್ಯಕ್ರಮಗಳು ಈಗ ಫಲಶ್ರುತಿಯಿಂದಲೇ ಆರಂಭವಾಗುತ್ತವೆ. ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿದವರಿಗೆ ನಾಯಕತ್ವ ಗುಣ, ಸಂವಹನ ಕೌಶಲ, ಆತ್ಮವಿಶ್ವಾಸ, ಒಂದು ಟೀ ಶರ್ಟು, ಒಂದು ಟೋಪಿ, ಬೆಳಗಿನ ಉಪಾಹಾರ ಹಾಗೂ ಮೊಹರು ಒತ್ತಿದ ಪ್ರಮಾಣಪತ್ರ ಲಭಿಸುತ್ತವೆಂದು ಕರಪತ್ರಗಳು ಸಾರುತ್ತವೆ. ಸೇವೆ ಮಾಡಿಸಿಕೊಂಡ ಕೆರೆಗೋ ಊರಿಗೋ ಏನು ಲಭಿಸುತ್ತದೆಂಬುದನ್ನು ಅಚ್ಚು ಹಾಕಿಸಲು ಜಾಗ ಸಾಲುವುದಿಲ್ಲ. ಪ್ರಾಯೋಜಕರ ಲಾಂಛನಗಳೂ ಎಲ್ಲಾದರೂ ಕೂರಬೇಕಲ್ಲವೇ?

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ಎಂಬ ನಿಯಮದಲ್ಲಿ ನಗುವಂಥದ್ದೇನೂ ಇಲ್ಲ. ಗಂಟೆಗಳು ತುಂಬುವ ರೀತಿಯಲ್ಲಿದೆ ಸ್ವಾರಸ್ಯ.

ಚಾಮುಂಡಿ ಬೆಟ್ಟದ ಪಾದದ ಬಳಿ ಭಾನುವಾರ ನಡೆಯುವ ಶ್ರಮದಾನವನ್ನೇ ನೋಡಿ. ಮುಖ್ಯ ಅತಿಥಿಗಳಿಗಾಗಿ ಕಾಯುವುದು ಸೇವೆಯ ಮೊದಲ ಗಂಟೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು ಮತ್ತು ಮೈಸೂರು ಪೇಟ ಸೇರಿ ಎರಡನೆಯದು. ಇನ್ನು ಗುಡಿಸೋಣವೆಂದರೆ ಕಸವೇ ಇಲ್ಲ, ಏಕೆಂದರೆ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಈ ನಗರಕ್ಕೆ ಮೊದಲ ಸ್ಥಾನ ತಂದುಕೊಟ್ಟ ಪೌರಕಾರ್ಮಿಕರು ಎಂದಿನಂತೆ ನಸುಕಿನಲ್ಲೇ ಬಂದು ಕೆಲಸ ಕೆಡಿಸಿಬಿಟ್ಟಿರುತ್ತಾರೆ. ಸಂಘಟಕರು ಎದೆಗುಂದದೆ, ಆ ಪೌರಕಾರ್ಮಿಕರೇ ರಾಶಿ ಹಾಕಿದ್ದ ತರಗೆಲೆಯನ್ನು ಎರಡು ಹಿಡಿ ತಂದು ಹರವುತ್ತಾರೆ. ಪೌರಕಾರ್ಮಿಕ ಹೆಂಗಸಿನ ಕೈಯ ಪೊರಕೆ ಅತಿಥಿಗಳ ಕೈಗೆ ಬರುತ್ತದೆ, ಹೊಸ ಕೈಗವಸಿನ ಹದಿನೈದು ಕೈಗಳು ಅದೇ ಪೊರಕೆಯತ್ತ ಚಾಚುತ್ತವೆ, ಕ್ಯಾಮೆರಾದವರು ಆಕೆಯನ್ನು 'ಸ್ವಲ್ಪ ಆ ಕಡೆ ಹೋಗಮ್ಮ' ಎನ್ನುತ್ತಾರೆ. ಹಿನ್ನೆಲೆಯಲ್ಲಿ 'ಪ್ಲಾಸ್ಟಿಕ್ ಮುಕ್ತ ಮೈಸೂರು' ಎಂಬ ಬ್ಯಾನರ್ ರಾರಾಜಿಸುತ್ತದೆ. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ನಿಷೇಧಿಸಿದ ಫ್ಲೆಕ್ಸಿನಲ್ಲಿಯೇ ಅದನ್ನು ಮುದ್ರಿಸಲಾಗಿರುತ್ತದೆ. ಉಪ್ಪಿಟ್ಟು, ಕೇಸರಿಬಾತು ಮುಗಿದು ವಾಹನಗಳು ಹೊರಟ ಮೇಲೆ ತಟ್ಟೆ, ಲೋಟ, ನೀರಿನ ಬಾಟಲಿಗಳನ್ನು ಆಯುವ ಹೊತ್ತಿಗೆ ಆ ಹೆಂಗಸಿಗೆ ಪೊರಕೆ ವಾಪಸು ಸಿಕ್ಕಿರುತ್ತದೆ. ಅಷ್ಟರಮಟ್ಟಿಗೆ ಸ್ವಯಂಸೇವೆಯಿಂದ ಉದ್ಯೋಗ ಸೃಷ್ಟಿಯೂ ಆಗುತ್ತದೆಂದು ಒಪ್ಪಬೇಕು.

ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಗುದ್ದಲಿ ಕೊಟ್ಟರೆ ಅಗೆಯುವ ಹುಮ್ಮಸ್ಸು ಅವರಲ್ಲಿದೆ. ಕೊಡುವವರು ಮೈಕು ಕೊಡುತ್ತಾರೆ.

ಮಂಡ್ಯದ ಕಡೆ, ಇಂಥ ಶಿಬಿರಗಳಿಗೆಂದು ಕಾಲೇಜುಗಳು ದತ್ತು ತೆಗೆದುಕೊಂಡ ಗ್ರಾಮಗಳ ಸುಖ ಇನ್ನೂ ಒಂದು ತೂಕ ಹೆಚ್ಚು. ನಾಲೆಗೆ ನೀರು ಯಾವಾಗ ಬಿಡುತ್ತಾರೋ ಎಂದು ಕಾದಿರುವ ರೈತರನ್ನು ಸಂಜೆ ದೇವಸ್ಥಾನದ ಮುಂದೆ ಕೂರಿಸಿ, ನೀರಿನ ಮಿತಬಳಕೆಯ ಬಗ್ಗೆ ಉಪನ್ಯಾಸ ಕೊಡಿಸಲಾಗುತ್ತದೆ. ಹಗಲಿನಲ್ಲಿ ಮನೆಮನೆ ಸಮೀಕ್ಷೆ. ವರ್ಷವರ್ಷವೂ ಹೊಸ ತಂಡ ಹಳೆಯ ಪ್ರಶ್ನೆಗಳೊಂದಿಗೆ ಬರುವುದರಿಂದ ಜಗುಲಿಯ ಮೇಲಿನ ಅಜ್ಜಿಯರಿಗೆ ಉತ್ತರಗಳು ಬಾಯಿಪಾಠವಾಗಿವೆ. ಹುಡುಗ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ, "ಕಕ್ಕಸು ಐತೆ, ಗ್ಯಾಸ್ ಐತೆ, ರೇಷನ್ ಕಾರ್ಡ್ ಐತೆ, ನಂಗೆ ಓದು ಬರಾಕಿಲ್ಲ, ಬರ್ಕೊ ಮಗಾ" ಎಂದು ಅಜ್ಜಿ ಒಪ್ಪಿಸುತ್ತಾಳೆ. ಅವನು ಬರೆದುಕೊಂಡು ಎದ್ದರೆ, "ಎಲ್ಲಾ ಬರ್ಕೊಂಡ್ಯಲ್ಲ, ಈ ಮುಂದ್ಲ ಚರಂಡಿ ಯಾವತ್ತು ಮಾಡ್ಸೀರಪ್ಪಾ?" ಎಂದು ಕೇಳುತ್ತಾಳೆ. ನಮೂನೆಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಹುಡುಗ ಚರಂಡಿಯನ್ನು ಹಾರಿಕೊಂಡು ಪಕ್ಕದ ಮನೆಗೆ ಹೋಗುತ್ತಾನೆ. ಅಜ್ಜಿಯ ಪ್ರಶ್ನೆಯನ್ನು ಶಿಬಿರದ ವರದಿಯು 'ಗ್ರಾಮಸ್ಥರೊಂದಿಗೆ ಅರ್ಥಪೂರ್ಣ ಸಂವಾದ' ಎಂದು ದಾಖಲಿಸಿ, ಅವನ ಖಾತೆಗೆ ಎರಡು ಗಂಟೆಗಳ ಸೇವೆಯನ್ನು ಜಮಾ ಮಾಡುತ್ತದೆ.