ಡಕ್ಟಿನ ಹೊಟ್ಟೆಯಲ್ಲಿ ಏಳು ಸಂಡಿಗೆ

ಏಪ್ರಿಲ್ ಅಂದರೆ ನಮ್ಮೂರಲ್ಲಿ ಸಂಡಿಗೆ ಇಡುವ ಕಾಲ. ಅಮ್ಮ ಮಿಶಿಗನ್‌ಗೆ ಬಂದಿಳಿದದ್ದೂ ಏಪ್ರಿಲ್‌ನಲ್ಲೇ, ಆದರೆ ಹೊರಗೆ ನೋಡಿದರೆ ಹಿಮ ಉದುರುತ್ತಿತ್ತು. ಬಿಸಿಲಿಗೆ ಕಾದು ಕಾದು ಬೇಸತ್ತವಳು ನಾಲ್ಕನೇ ದಿನ ತಾನೇ ಒಂದು ದಾರಿ ಕಂಡುಕೊಂಡಳು. ಊಟದ ಕೋಣೆಯ ನೆಲದಲ್ಲಿ, ಕಿಟಕಿ ಕೆಳಗೆ, ಒಂದು ಕಂದು ಬಣ್ಣದ ಜಾಲರಿ ಇದೆ. ಅದರಿಂದ ಹೀಟರಿನ ಬಿಸಿಗಾಳಿ ಬುಸ್ ಅಂತ ಬರುತ್ತದೆ. ಅದರ ಮೇಲೆ ಓವನ್ನಿನ ಕಂಬಿ ತಟ್ಟೆ ಇಟ್ಟು, ತೆಳು ಬಟ್ಟೆ ಹಾಸಿ, ಅರಳು ಸಂಡಿಗೆ ಇಟ್ಟೇಬಿಟ್ಟಳು. ಎರಡೇ ದಿನಕ್ಕೆ ಗರಿಗರಿ. ಕಾಗೆ ಕಾಯುವ ಕೆಲಸವೂ ಇಲ್ಲ.

ಬಟ್ಟೆಯಿಂದ ಬಿಡಿಸುವಾಗ ಮಾತ್ರ ನಾಲ್ಕಾರು ಜಾರಿ ಜಾಲರಿಯೊಳಗೆ ಬಿದ್ದವು. 'ಇಲ್ಲಿ ಬಿದ್ದದ್ದು ಎಲ್ಲಿಗೆ ಹೋಗತ್ತೋ?' ಅಂತ ಕೇಳಿದಳು. ಆರು ವರ್ಷದಿಂದ ಈ ಮನೆಯಲ್ಲಿದ್ದೇನೆ, ಒಂದು ದಿನವೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ಇಲ್ಲಿಯ ಮನೆಗಳಿಗೆ ಗವಾಕ್ಷಿ ಇಲ್ಲ, ಡಕ್ಟ್ ಇದೆ. ನೆಲಮಾಳಿಗೆಯಲ್ಲಿ ಗಾಳಿ ಕಾಯಿಸುವ ಫರ್ನೇಸ್, ಅದರಿಂದ ಹೊರಡುವ ದೊಡ್ಡ ತಗಡಿನ ಕೊಳವೆ, ಅದಕ್ಕೆ ಕೋಣೆಗೊಂದು ಕವಲು. ಚಳಿಗಾಲಕ್ಕೆ ಬಿಸಿಗಾಳಿ, ಬೇಸಿಗೆಗೆ ತಣ್ಣನೆ ಗಾಳಿ, ಎರಡೂ ಅದರಲ್ಲೇ. ಬಂದ ಗಾಳಿಯನ್ನು ಮತ್ತೆ ಎಳೆದುಕೊಂಡು ಹೋಗಲು ಗೋಡೆಯಲ್ಲಿ ಬೇರೆ ಜಾಲರಿಗಳು. ಅಂದರೆ ಅದೇ ಗಾಳಿ ಸುತ್ತಿ ಸುತ್ತಿ ಬರುತ್ತದೆ. ಹಾಗಾಗಿಯೇ ಕೆಳಗೆ ಇಂಗಿನ ಒಗ್ಗರಣೆ ಚಟಪಟ ಅಂದ ಎರಡೇ ನಿಮಿಷಕ್ಕೆ ಮೇಲೆ ಮಗಳ ಸ್ವೆಟರೂ ತಿಳಿಸಾರಿನ ಹಾಗೆ ಘಮಘಮ. ಗಾಳಿಯಷ್ಟೇ ಅಲ್ಲ, ಮಾತೂ ಓಡಾಡುತ್ತದೆ. ಅಮ್ಮ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಶಿವಮೊಗ್ಗದ ಚಿಕ್ಕಮ್ಮನ ಹತ್ತಿರ ಫೋನಲ್ಲಿ ನಮ್ಮ ಬಗ್ಗೆ ಏನು ಹೇಳಿದಳು ಅನ್ನುವುದೆಲ್ಲ ಕೆಳಗಿನ ಬಚ್ಚಲುಮನೆಯಲ್ಲಿ ನಿಂತರೆ ಸ್ಪಷ್ಟವಾಗಿ ಕೇಳುತ್ತದೆ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಊರ ಮನೆಯಲ್ಲಿ ಕೊಳೆ ಕಣ್ಣೆದುರಿಗೇ ಇರುತ್ತಿತ್ತು. ಅಡಿಗೆಮನೆ ಹೆಂಚಿನ ಕೆಳಗೆ ಇಲ್ಲಣ ಕಪ್ಪಗೆ ಜೋತಾಡುತ್ತಿತ್ತು, ಯುಗಾದಿಗೆ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ತೆಗೆದರೆ ಆಯಿತು. ಇಲ್ಲಿಯದು ಒಳಗೇ ಕೂತಿರುವ ಕೊಳೆ. ಆ ರಾತ್ರಿ ಜಾಲರಿ ಎತ್ತಿ, ಫೋನಿನ ಟಾರ್ಚ್ ಹಾಕಿ ನೋಡಿದೆ. ಒಳಗೆಲ್ಲ ಬೂದು ತುಪ್ಪಳ! ನಮಗೆ ನಾಯಿಯಿಲ್ಲ. ಹಿಂದೆ ಇದ್ದವರಿಗೆ ಎರಡಿತ್ತಂತೆ.

ಮೊದಲು ಡಕ್ಟ್ ತೊಳೆಯುವವರ 99 ಡಾಲರಿನ ಕೂಪನ್ ನೋಡಿ ಒಬ್ಬನನ್ನು ಕರೆಸಿದೆ. ನಮ್ಮ ಮನೆಯ ವ್ಯಾಕ್ಯೂಮ್‌ಗಿಂತ ಚಿಕ್ಕದೊಂದನ್ನು ಹಿಡಿದುಕೊಂಡು ಬಂದ. ಹತ್ತು ನಿಮಿಷ ಕೆಳಗೆ ಹೋಗಿ ಬಂದು, ಮುಖ ಸಣ್ಣದು ಮಾಡಿಕೊಂಡು, ಫೋನಿನಲ್ಲಿ ಕಪ್ಪು ಬೂಸ್ಟಿನ ಫೋಟೋ ತೋರಿಸಿದ. ಆರೋಗ್ಯಕ್ಕೆ ಅಪಾಯ, ಔಷಧಿ ಹೊಡೆಯಲು 900 ಆಗುತ್ತದೆ ಅಂದ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, 'ಈ ಜಾಲರಿ ಬಿಳಿ, ನಮ್ಮದು ಕಂದು ಅಲ್ವಾ?' ಅಂದಳು. ಕನ್ನಡದಲ್ಲೇ ಅಂದಿದ್ದು, ಆದರೂ ಅವನಿಗೆ ಅರ್ಥವಾಯಿತು ಅನಿಸುತ್ತದೆ.

ಆಮೇಲೆ ಓದಲು ಕೂತೆ. ಇಲ್ಲಿಯ ಸರ್ಕಾರದ ಪರಿಸರ ಸಂಸ್ಥೆ ಇಪಿಎ ನೇರವಾಗಿಯೇ ಹೇಳುತ್ತದೆ: ಡಕ್ಟ್ ತೊಳೆಸಿದರೆ ಕಾಯಿಲೆ ಬರುವುದಿಲ್ಲ ಅಂತ ಯಾರೂ ಸಾಬೀತು ಮಾಡಿಲ್ಲ, ಸುಮ್ನೆ ವರ್ಷ ವರ್ಷ ಮಾಡಿಸುವ ಅಗತ್ಯವೂ ಇಲ್ಲ. ಒಳಗೆ ಕಣ್ಣಿಗೆ ಕಾಣುವಷ್ಟು ಬೂಸ್ಟು ಬಂದಿದ್ದರೆ, ಇಲಿ ಹುಳ ಸೇರಿದ್ದರೆ, ಧೂಳು ಕಟ್ಟಿಕೊಂಡು ಕೋಣೆಗೆ ಹಾರಿ ಬರುತ್ತಿದ್ದರೆ ಮಾಡಿಸಿ ಅಷ್ಟೇ. ಇದನ್ನೆಲ್ಲ ಓದಿದ ಮೇಲೂ ಮಾಡಿಸಿದೆ. ನಾಯಿ ಕೂದಲು ಒಂದು ನೆಪ. ನಿಜ ಏನೆಂದರೆ ಆ ತುಪ್ಪಳ ನೋಡಿದ ಮೇಲೆ ಜಾಲರಿ ಪಕ್ಕ ಕೂತು ಊಟ ಮಾಡಲು ಆಗುತ್ತಿರಲಿಲ್ಲ.

ಈ ಸಲ ಬಂದವರು ಇಬ್ಬರು, ಜೊತೆಗೊಂದು ಲಾರಿ. ಬೋರ್‌ವೆಲ್ ಕೇಸಿಂಗ್ ಪೈಪಿಗಿಂತ ದಪ್ಪದ ಹೋಸನ್ನು ನೆಲಮಾಳಿಗೆಗೆ ಎಳೆದರು. ದೊಡ್ಡ ಕೊಳವೆಗೆ ತೂತು ಕೊರೆದು ಅದನ್ನು ಸಿಕ್ಕಿಸಿ, ಎಲ್ಲಾ ಜಾಲರಿಗಳ ಬಾಯಿ ಮುಚ್ಚಿದರು. ಲಾರಿಯ ಮೋಟಾರು ಗಾಳಿಯನ್ನು ಒಂದೇ ಸಮ ಎಳೆಯುತ್ತಿರುವಾಗ, ಒಬ್ಬ ಒಂದೊಂದೇ ಬಾಯಿ ತೆರೆದು ಒಳಗೆ ಕಂಪ್ರೆಸರ್ ಗಾಳಿಯ ಚಾಟಿ ಬಿಡುತ್ತಾ ಹೋದ. ಚಾಟಿ ತಗಡಿಗೆ ಬಡಿಯುವ ಸದ್ದು, ಆಲಿಕಲ್ಲು ಮಳೆಗೆ ಶೀಟಿನ ಮನೆಯೊಳಗೆ ಕೂತ ಹಾಗೆ. ಅಮ್ಮ ಮೂಗಿಗೆ ಸೆರಗು ಹಿಡಿದು ಮೂರು ಗಂಟೆ ಅವನ ಹಿಂದೆಯೇ ಓಡಾಡಿದಳು. ಜಾಲರಿ ಬಾಯಿಯಲ್ಲಿ ಕೈಗೆ ಸಿಕ್ಕಿದ್ದನ್ನು ಅವನು ಪೇಪರ್ ಮೇಲೆ ಸಾಲಾಗಿ ಇಟ್ಟ. ಮನೆ ಕಟ್ಟಿದವರು ಬಿಟ್ಟುಹೋದ ಗೋಡೆ ಹಲಗೆಯ ಚೂರುಗಳು, ಮೊಳೆ, ಮೋಟು ಪೆನ್ಸಿಲ್, ಲೆಗೋದ ಒಂದು ಚಕ್ರ, ಏಳು ಸಂಡಿಗೆ. ಅವನು ಒಂದು ಸಂಡಿಗೆ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅದು ಏನು ಅಂತ ವಿವರಿಸುವುದರಲ್ಲಿ ನನಗೆ ಸಾಕಾಯಿತು.

ನನ್ನ ಮಾನ ಹೋದದ್ದು ಮಾತ್ರ ಕೊನೆಯಲ್ಲಿ. ಫರ್ನೇಸಿನ ಫಿಲ್ಟರ್ ಎಳೆದು ತೋರಿಸಿದ. ಅದರ ಅಂಚಿನಲ್ಲಿ ಒಂದು ಬಾಣದ ಗುರುತು, ಅದು ಫರ್ನೇಸಿನ ಕಡೆ ತಿರುಗಿರಬೇಕು. ಮೂರು ತಿಂಗಳಿಗೊಮ್ಮೆ ತಪ್ಪದೆ ಬದಲಾಯಿಸುತ್ತೇನೆ ಅಂತ ಹೆಮ್ಮೆಪಡುತ್ತಿದ್ದೆ, ಪ್ರತೀ ಸಲವೂ ಉಲ್ಟಾ ಹಾಕುತ್ತಿದ್ದೆ. ಕೊಳವೆಯ ಕೀಲುಗಳಿಗೆ ನಾನೇ ಸುತ್ತಿದ್ದ ಡಕ್ಟ್ ಟೇಪನ್ನು ಅವನು ಒಂದೇ ಬೆರಳಲ್ಲಿ ಕಿತ್ತ. ಹೆಸರಲ್ಲೇ ಡಕ್ಟ್ ಇದೆಯಲ್ಲ ಮಾರಾಯ ಅಂದುಕೊಂಡೆ. ಆದರೆ 1998ರಲ್ಲೇ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಪರೀಕ್ಷೆ ಮಾಡಿ, ಆ ಟೇಪು ಡಕ್ಟಿನ ಸೋರಿಕೆಗೇ ನಿಲ್ಲುವುದಿಲ್ಲ ಅಂತ ಹೇಳಿಯಾಗಿತ್ತು. ಅವನು ಬ್ರಶ್ಶಿನಲ್ಲಿ ಗಟ್ಟಿ ದೋಸೆಹಿಟ್ಟಿನಂಥ ಬೂದು ಲೇಪ ಬಳಿದು ಹೋದ.

ಬಿಲ್ಲು 520 ಡಾಲರ್. ಅಮ್ಮ ಮನಸ್ಸಿನಲ್ಲೇ ಗುಣಿಸಿದಳು. '40 ಸಾವಿರಕ್ಕೂ ಜಾಸ್ತಿ! ಊರ ಮನೆಗೆ ಸುಣ್ಣಬಣ್ಣ ಮಾಡಿಸಬಹುದಿತ್ತು.'

ಅಕ್ಟೋಬರ್‌ನಲ್ಲಿ ಚಳಿ ಶುರುವಾಯಿತು. ವರ್ಷದ ಮೊದಲ ಸಲ ಹೀಟರ್ ಹಾಕಿದಾಗ, ಬೇಸಿಗೆಯೆಲ್ಲಾ ಫರ್ನೇಸಿನೊಳಗೆ ಕೂತಿದ್ದ ಧೂಳು ಕಾದು ಒಂದು ಸುಟ್ಟ ವಾಸನೆ ಬರುತ್ತದೆ. ಇಷ್ಟೆಲ್ಲ ದುಡ್ಡು ಸುರಿದಿದ್ದೇನೆ, ಈ ವರ್ಷ ಬರಲ್ಲ ಅಂದುಕೊಂಡು ಅಡಿಗೆಮನೆಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಬಂತು.

ಕಾಲ ಬಳಿಯ ಜಾಲರಿಯಿಂದ ಅಮ್ಮನ ದನಿಯೂ ಬಂತು. 'ಏನೋ ಸೀದು ಹೋಗ್ತಿದೆ ಕಣೋ, ಒಲೆ ಮೇಲೆ ಏನಿಟ್ಟಿದ್ದೀಯಾ?'

ನಾನು ಬಗ್ಗಿ ಜಾಲರಿಗೇ ಹೇಳಿದೆ. 'ಏನಿಲ್ಲಮ್ಮ, ಧೂಳು.'

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, 'ಹಾಗಾದ್ರೆ ನಾನು ಇಲ್ಲಿ ಮಾತಾಡಿದ್ದು ಅಲ್ಲಿಗೆ ಕೇಳತ್ತಾ?'