ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀರಿ ಸ್ವಾಮಿ?

ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಳೋ ಬರಹ ಇದು. ಚಿಕ್ಕಬಳ್ಳಾಪುರ ಜಿಲ್ಲೆಯ ಆಂಧ್ರ ಗಡಿ ಕಡೆಯ ಒಂದು ಹೋಬಳಿ ಊರಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ, ಪ್ಯಾನ್ ಕಾರ್ಡು, ಜೆರಾಕ್ಸು, ಲ್ಯಾಮಿನೇಷನ್. ಸಂಜೆ ಶಾಲೆ ಬಿಟ್ಟ ಮೇಲೆ ಬರೋ ಗಿರಾಕಿಗಳಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆ ಮೇಷ್ಟ್ರು, ಮೇಡಂಗಳು. ಕಂಕುಳಲ್ಲಿ ದಾಖಲಾತಿ ವಹಿ, ಬ್ಯಾಗಲ್ಲಿ ಮಕ್ಕಳ ಆಧಾರ್ ಜೆರಾಕ್ಸ್ ಕಟ್ಟು. ಇಲಾಖೆ ಕೇಳಿದ ಮಾಹಿತಿಯನ್ನ ಆನ್‌ಲೈನಲ್ಲಿ ತುಂಬಿಸೋಕೆ, ‘ಅಣ್ಣ, ಸರ್ವರ್ ಬರ್ತಾ ಇದೆಯಾ?’ ಅಂತಲೇ ಒಳಗೆ ಬರ್ತಾರೆ. ಅಂಗಡಿ ಬಾಡಿಗೆಯಲ್ಲಿ ಒಳ್ಳೇ ಪಾಲು ಅವರಿಂದಲೇ ಹುಟ್ಟುತ್ತೆ. ಆದರೂ ಹೇಳ್ತೀನಿ, ಈ ವ್ಯಾಪಾರ ನನಗೆ ಬೇಡ. ನನ್ನ ಮಗಳು ಇದೇ ಊರಿನ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಪೋಷಕರಿರೋ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಮೇಷ್ಟ್ರು ನನ್ನ ಅಂಗಡಿಯಲ್ಲಿ ಕೂತಷ್ಟು ಹೊತ್ತೂ ನಾಳೆಯ ಪಾಠದ ತಯಾರಿಯ ಹೊತ್ತು.

ಶಾಲೆಗಳು ಲೆಕ್ಕ ಕೊಡಬಾರದು ಅನ್ನೋ ಗುಂಪಿನವನು ನಾನಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ‘ಮೇಷ್ಟ್ರ ಪರ ಲಾಬಿ’ ಅಂತ ಕಾಮೆಂಟ್ ಬೀಳುತ್ತೆ. ಲೆಕ್ಕ ಬೇಕು. ನಾನು ಬೇಡ ಅನ್ನೋದು ಒಂದೇ ಲೆಕ್ಕವನ್ನ ಹತ್ತು ಕಡೆಯಿಂದ ಹತ್ತು ನಮೂನೆಯಲ್ಲಿ ಕೇಳೋದನ್ನ, ಮತ್ತು ಅಷ್ಟೆಲ್ಲ ಕೇಳಿಯೂ ಆ ಊರಿನ ಅಪ್ಪ-ಅಮ್ಮಂದಿರಿಗೆ ಒಂದು ಸಾಲೂ ತೋರಿಸದೇ ಇರೋದನ್ನ.

ಒಂದನೇ ಕ್ಲಾಸಿಗೆ ಸೇರೋ ಒಂದು ಮಗುವನ್ನ ತಗೊಳ್ಳಿ. ಶಾಲೆಯ ದಾಖಲಾತಿ ನಂಬರ್ ಒಂದು. ಮಕ್ಕಳ ದಾಖಲಾತಿ, ಕಲಿಕೆ ಲೆಕ್ಕ ಇಡೋ ರಾಜ್ಯದ ಸ್ಯಾಟ್ಸ್ ತಂತ್ರಾಂಶದ ನಂಬರ್ ಇನ್ನೊಂದು. ದೇಶದ ಎಲ್ಲ ಶಾಲೆಗಳ ಲೆಕ್ಕ ಇಡೋ ಕೇಂದ್ರದ ಯುಡೈಸ್ ಪ್ಲಸ್‌ನಲ್ಲಿ ಪೆನ್ ಅನ್ನೋ ಕಾಯಂ ನಂಬರ್ ಮತ್ತೊಂದು. ಅದರ ಮೇಲೆ 12 ಅಂಕಿಯ ಅಪಾರ್, ಅಂದರೆ ಕೇಂದ್ರದ ವಿದ್ಯಾರ್ಥಿ ಐಡಿ. ಇವೆಲ್ಲದರ ಬುಡಕ್ಕೆ ಆಧಾರ್, ಅದೂ 12 ಅಂಕಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಐಡಿ ಬೇರೆ. ಮಗು ಇನ್ನೂ ನೂರರವರೆಗೆ ಎಣಿಸೋದು ಕಲಿತಿರಲ್ಲ, ಅದರ ಬೆನ್ನಿಗೆ ಇಷ್ಟು ಅಂಕಿ. ಇದರಲ್ಲಿ ಪ್ರತಿಯೊಂದಕ್ಕೂ ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು, ಅಮ್ಮನ ಹೆಸರು ಅಕ್ಷರ ಅಕ್ಷರವೂ ಹೊಂದಬೇಕು.

ಹೊಂದೋದು ಎಲ್ಲಿ? ನಮ್ಮ ಕಡೆ ಮನೆಮಾತು ತೆಲುಗು, ಶಾಲೆ ಕನ್ನಡ. ಹೆಣ್ಣು ಕೊಟ್ಟು ತಂದಿರೋದು ಹಿಂದೂಪುರ, ಕದಿರಿ, ಮದನಪಲ್ಲಿ ಕಡೆ. ಮೊದಲ ಹೆರಿಗೆ ತವರಲ್ಲಿ. ಹಾಗಾಗಿ ಜನನ ಪತ್ರ ಆಂಧ್ರದ್ದು, ಆಧಾರೂ ಎಷ್ಟೋ ಸಲ ಅಲ್ಲಿಯದೇ. ಅಲ್ಲಿ ಮನೆಹೆಸರು ಮುಂದೆ ಬರುತ್ತೆ, ಇಲ್ಲಿ ಅಪ್ಪನ ಇನಿಷಿಯಲ್ ಹಿಂದೆ ಬರುತ್ತೆ. ಕೀರ್ತನಾ ಅನ್ನೋ ಹೆಸರನ್ನ ಇಂಗ್ಲಿಷಲ್ಲಿ ಬರೆಯೋವಾಗ ಒಬ್ಬರು ‘ಎಚ್’ ಹಾಕ್ತಾರೆ, ಒಬ್ಬರು ಹಾಕಲ್ಲ. ಆ ಒಂದು ಎಚ್‌ಗೋಸ್ಕರ ಅಪಾರ್ ಆಗಲ್ಲ. ಆಗಲಿಲ್ಲ ಅಂದ್ರೆ ಶಾಲೆಯ ಹೆಸರು ಬಾಕಿ ಪಟ್ಟಿಯಲ್ಲಿ. ಬಾಕಿ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಬೀಳುತ್ತೆ, ಎಲ್ಲರೂ ನೋಡೋ ಹಾಗೆ. ಆಮೇಲೆ ಮೇಷ್ಟ್ರು ಆ ಮಗುವಿನ ಮನೆಗೆ ಹೋಗಿ, ‘ಅಮ್ಮಾ, ಆಧಾರ್ ಸರಿ ಮಾಡಿಸಿ’ ಅಂತಾರೆ. ಆ ತಾಯಿ ಟೊಮೆಟೊ ಬಿಡಿಸೋ ಕೂಲಿ ಬಿಟ್ಟು, ಮಗುವಿನ ಶಾಲೆ ಬಿಡಿಸಿ, ತಾಲ್ಲೂಕಿನ ಆಧಾರ್ ಸೆಂಟರ್ ಮುಂದೆ ಕ್ಯೂ ನಿಲ್ತಾಳೆ. ಅಪಾರ್‌ಗೆ ಪೋಷಕರ ಒಪ್ಪಿಗೆ ಬೇಕು, ಅದು ಐಚ್ಛಿಕ ಅಂತ ಕೇಂದ್ರವೇ ಹೇಳಿದೆ. ಐಚ್ಛಿಕವಾದದ್ದಕ್ಕೆ ನೂರಕ್ಕೆ ನೂರು ಗುರಿ ಹೇಗೆ ಬರುತ್ತೆ ಅಂತ ನಾನು ಒಬ್ಬ ಮೇಷ್ಟ್ರನ್ನ ಕೇಳಿದೆ. ಅವರು ನಕ್ಕು ಜೆರಾಕ್ಸ್ ಎಣಿಸ್ಕೊಂಡು ಹೋದರು.

ಇನ್ನೊಂದು ಮಾತು, ಯಾರೂ ಮಾತಾಡದೇ ಇರೋದು. ಇಷ್ಟೂ ಮಕ್ಕಳ ಆಧಾರ್, ಜಾತಿ, ಬ್ಯಾಂಕ್ ಖಾತೆ, ಫೋನ್ ನಂಬರ್ ನನ್ನಂಥ ಖಾಸಗಿ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಲ್ಲಿ ಬಂದು ಬಿದ್ದಿರುತ್ತೆ. ನಾನು ದಿನಾ ರಾತ್ರಿ ಅಳಿಸ್ತೀನಿ. ಎಲ್ಲರೂ ಅಳಿಸ್ತಾರೆ ಅಂತ ಗ್ಯಾರಂಟಿ ಕೊಡೋರು ಯಾರು? 2023ರಲ್ಲಿ ದೇಶಕ್ಕೊಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. ನಮ್ಮ ಬಸ್ ಸ್ಟ್ಯಾಂಡ್‌ವರೆಗೆ ಅದು ಇನ್ನೂ ಬಂದಿಲ್ಲ.

ಇನ್ನು ಗೂಗಲ್ ಫಾರ್ಮ್, ಗೂಗಲ್ ಶೀಟ್ ಕಥೆ. ಬೆಳಿಗ್ಗೆ ಹನ್ನೊಂದಕ್ಕೆ ಮೆಸೇಜು: ‘ಅತಿ ತುರ್ತು. ಇಂದು ಸಂಜೆ 4ರೊಳಗೆ ಸಲ್ಲಿಸುವುದು. ಇಲ್ಲದಿದ್ದಲ್ಲಿ ಶೂನ್ಯ ವರದಿ ಕಡ್ಡಾಯ.’ ಏನೂ ಇಲ್ಲದಿದ್ದರೂ ಏನೂ ಇಲ್ಲ ಅಂತ ಬರೆದು ಕಳಿಸಬೇಕು. ಶೌಚಾಲಯ ಎಷ್ಟು, ಅದರಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು, ಕೊಠಡಿ ಎಷ್ಟು, ಸೋರೋದು ಎಷ್ಟು, ಕಾಂಪೌಂಡ್ ಇದೆಯಾ, ಕುಡಿಯೋ ನೀರಿನ ಮೂಲ ಯಾವುದು. ಇದೆಲ್ಲ ಯುಡೈಸ್‌ನಲ್ಲಿ ತುಂಬಿದ್ದೇ. ಕಟ್ಟಡ ಏನು ಎದ್ದು ನಡೆದು ಹೋಗಿದೆಯಾ? 2025ರ ಜುಲೈಯಲ್ಲಿ ರಾಜಸ್ಥಾನದ ಝಾಲಾವಾಡದಲ್ಲಿ ಸರ್ಕಾರಿ ಶಾಲೆ ಚಾವಣಿ ಕುಸಿದು ಏಳು ಮಕ್ಕಳು ಸತ್ತರು. ಅಂಥಾ ಹೊತ್ತಲ್ಲಿ ಶಿಥಿಲ ಕೊಠಡಿ ಎಷ್ಟು ಅಂತ ಹೊಸದಾಗಿ ಕೇಳಿದರೆ ಅರ್ಥ ಇದೆ, ಕೇಳಲೇಬೇಕು. ಆದರೆ ಅದಕ್ಕೆ ಬೇಕಿರೋದು ಬಂದು ಗೋಡೆ ತಟ್ಟಿ ನೋಡೋ ಒಬ್ಬ ಎಂಜಿನಿಯರ್. ಸೋರೋ ಕೊಠಡಿ ಅಂತ ವರ್ಷಾ ವರ್ಷಾ ತುಂಬಿ ಕಳಿಸಿದ ಒಬ್ಬ ಹೆಡ್ ಮೇಡಂ ನನ್ನ ಹತ್ರ ಅಂದಿದ್ದು: ‘ಎಂಟ್ರಿ ಮಾಡೋಕೆ ಕಾಲಂ ಇದೆ ಅಣ್ಣ, ರಿಪೇರಿ ಆಯ್ತಾ ಅಂತ ಕೇಳೋ ಕಾಲಂ ಇಲ್ಲ.’

ಫೋಟೊಗಳ ವಿಷಯ ಬೇಗ ಮುಗಿಸ್ತೀನಿ. ತಾಯಿ ಹೆಸರಲ್ಲಿ ಗಿಡ ನೆಟ್ಟಿದ್ದಕ್ಕೆ ಫೋಟೊ, ಕೈ ತೊಳೆದದ್ದಕ್ಕೆ ಫೋಟೊ, ಯೋಗಕ್ಕೆ, ಪ್ರತಿಜ್ಞೆಗೆ, ಎಲ್ಲದಕ್ಕೂ ಜಿಪಿಎಸ್ ಫೋಟೊ. ಗಿಡ ಬದುಕಿದೆಯಾ ಅಂತ ಯಾರೂ ಕೇಳಲ್ಲ.

ಯುಡೈಸ್‌ನ ಹಳೇ ರೂಪವಾದ ಈ ಡೈಸ್ ಅನ್ನೋದು ಶುರುವಾದದ್ದು 1990ರ ದಶಕದ ನಡುವಲ್ಲಿ, ಜಿಲ್ಲಾ ಪ್ರಾಥಮಿಕ ಶಿಕ್ಷಣದ ಡಿಪಿಇಪಿ ಯೋಜನೆ ಜೊತೆ. ಕರ್ನಾಟಕದಲ್ಲಿ ಡಿಪಿಇಪಿ ಮೊದಲ ಹಂತದಲ್ಲಿ ಬಂದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರ ಒಂದು. ಆಗ ಚಿಕ್ಕಬಳ್ಳಾಪುರ ಕೋಲಾರದ ಒಳಗೇ ಇತ್ತು, ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅಂದರೆ ಈ ನಮೂನೆ ತುಂಬೋದರಲ್ಲಿ ನಮ್ಮ ಕಡೆ ಮೇಷ್ಟ್ರುಗಳು ಇಡೀ ರಾಜ್ಯಕ್ಕೇ ಹಿರಿಯರು. ಆಗ ವರ್ಷಕ್ಕೊಂದು ಸಲ, ಸೆಪ್ಟೆಂಬರ್ 30ರ ಲೆಕ್ಕ, ಕಾಗದದ ಮೇಲೆ. 2012-13ರಲ್ಲಿ ಪ್ರೌಢಶಾಲೆಯ ಲೆಕ್ಕವನ್ನೂ ಸೇರಿಸಿ ಯುಡೈಸ್ ಅಂತ ಒಂದೇ ಮಾಡಿದರು. ‘ಏಕೀಕೃತ’ ಅಂತಲೇ ಹೆಸರು. ಒಂದು ಸಲ ತುಂಬಿದರೆ ಎಲ್ಲರಿಗೂ ಸಾಕು ಅನ್ನೋದೇ ಉದ್ದೇಶ. ಉದ್ದೇಶ ಚೆನ್ನಾಗಿತ್ತು. ಏಕೀಕೃತವಾದದ್ದು ಉಳಿಯಿತು, ಅದರ ಸುತ್ತ ಬೇರೆ ಬೇರೆಯವೂ ಬೆಳೆದವು.

ಒಳ್ಳೇ ಲೆಕ್ಕದಿಂದ ಏನಾಗುತ್ತೆ ಅನ್ನೋದಕ್ಕೂ ಇದೇ ಯುಡೈಸ್ ಸಾಕ್ಷಿ. 2021-22ರವರೆಗೆ ಶಾಲೆಗಳು ತರಗತಿವಾರು ಒಟ್ಟು ಸಂಖ್ಯೆ ಕೊಡ್ತಿದ್ದವು. ಆ ವರ್ಷ ದೇಶದ ದಾಖಲಾತಿ ಸುಮಾರು 26.5 ಕೋಟಿ. 2022-23ರಿಂದ ಒಂದೊಂದು ಮಗುವಿನ ಹೆಸರಲ್ಲೇ ಎಂಟ್ರಿ ಶುರುವಾಯ್ತು. ಸಂಖ್ಯೆ ಸುಮಾರು 25.2 ಕೋಟಿಗೆ ಇಳೀತು, 2023-24ರಲ್ಲಿ 24.8 ಕೋಟಿ. ಲೆಕ್ಕ ಹಾಕೋ ವಿಧಾನ ಬದಲಾಗಿದೆ, ಹಳೇ ವರ್ಷಗಳ ಜೊತೆ ನೇರ ಹೋಲಿಸಬೇಡಿ ಅಂತ ಸಚಿವಾಲಯ ಹೇಳಿತು. ಇಳಿಕೆಯೆಲ್ಲ ಸುಳ್ಳು ಹೆಸರುಗಳದ್ದೇ ಅಂತ ನಾನೂ ಹೇಳಲ್ಲ. ಆದರೆ ಎರಡು ಶಾಲೆಯಲ್ಲಿ ಹೆಸರಿದ್ದ ಮಗು ಒಂದೇ ಕಡೆ ಉಳಿಯೋದು ಒಳ್ಳೇದೇ. ಸ್ಯಾಟ್ಸ್ ಬಂದ ಮೇಲೆ ನಮ್ಮ ಊರಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಮಕ್ಕಳು ಅಲ್ಲಿ ಶಾಲೆ ಸೇರೋದು ಸುಲಭ ಆಯ್ತು, ಅದನ್ನೂ ಕಣ್ಣಾರೆ ನೋಡಿದ್ದೀನಿ.

ಮಧ್ಯಾಹ್ನದ ಊಟದ ಲೆಕ್ಕವೂ ಹಾಗೇ. ಎಷ್ಟು ಮಕ್ಕಳು ಉಂಡರು, ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಇದು ದಿನಾ ಬೇಕು. ಅಕ್ಕಿ, ದುಡ್ಡು ಎರಡೂ ಅದರ ಮೇಲೆ ನಿಂತಿದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಆಗಿದೆ, ಲೆಕ್ಕ ತಪ್ಪಿದರೆ ಮಕ್ಕಳ ತಟ್ಟೆಗೇ ತಪ್ಪುತ್ತೆ. ಅಂದ ಮೇಲೆ ದಿನಾ ಬೇಕಾದದ್ದು ಯಾವುದು, ವರ್ಷಕ್ಕೊಂದು ಸಲ ಸಾಕಾದದ್ದು ಯಾವುದು, ಯಾವತ್ತೂ ಬೇಡದ್ದು ಯಾವುದು ಅಂತ ಕೂತು ಜರಡಿ ಹಿಡಿಯೋ ಕೆಲಸ ಯಾರದು?

ಯಾರದೂ ಅಲ್ಲ. ಗಂಟು ಇರೋದೇ ಇಲ್ಲಿ. ಕೇಳೋದಕ್ಕೆ ಕೇಳೋರಿಗೆ ಒಂದು ಪೈಸೆ ಖರ್ಚಿಲ್ಲ. ಇರೋ ದತ್ತಾಂಶದಲ್ಲಿ ಹುಡುಕೋದಕ್ಕಿಂತ ಹೊಸ ಗೂಗಲ್ ಫಾರ್ಮ್ ಹರಿಬಿಡೋದು ಸುಲಭ. ಖರ್ಚೆಲ್ಲ ತುಂಬೋರ ತಲೆ ಮೇಲೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರ ಹುದ್ದೆಯೇ ಇಲ್ಲ. ಇಬ್ಬರೇ ಮೇಷ್ಟ್ರಿರೋ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಫೋನ್ ಹಿಡಿದು ಕೂತರೆ ಇನ್ನೊಬ್ಬರು ಐದೂ ಕ್ಲಾಸು ನೋಡ್ಕೋಬೇಕು. ಚಿಕ್ಕ ಕ್ಲಾಸಿನ ಮಕ್ಕಳು ಆಡ್ತಾ ಕಲಿಯೋ ನಲಿ-ಕಲಿ ಕಾರ್ಡುಗಳು ತಟ್ಟೆಯಲ್ಲೇ ಇರ್ತವೆ. ಆಮೇಲೆ ಕಲಿಕಾ ಮಟ್ಟ ಕಡಿಮೆ ಅಂತ ಇನ್ನೊಂದು ನಮೂನೆ ಬರುತ್ತೆ. ಕಾನೂನಿನ ಮಾತು ಕೇಳೋದಾದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರು ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನ ಹಾಕಬಾರದು ಅನ್ನುತ್ತೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಮನೆ ಮನೆ ತಿರುಗಿದರು, ಶಾಲೆ ರಜೆ ಅಕ್ಟೋಬರ್ 18ರವರೆಗೆ ಎಳೀತು. ಅದು ದೊಡ್ಡದು, ಅದಕ್ಕೇ ಪತ್ರಿಕೆಯಲ್ಲಿ ಬಂತು. ದಿನಕ್ಕೊಂದು ಪೀರಿಯಡ್ ನುಂಗೋ ಗೂಗಲ್ ಶೀಟು ಯಾವ ಪತ್ರಿಕೆಯಲ್ಲೂ ಬರಲ್ಲ.

ನನಗೆ ಪರಿಚಯದ ಒಬ್ಬ ಸಿಆರ್‌ಪಿ ಇದ್ದಾರೆ, ಅಂದರೆ ಸುತ್ತಲಿನ ಶಾಲೆಗಳ ಒಂದು ಗುಂಪನ್ನ (ಕ್ಲಸ್ಟರ್) ನೋಡ್ಕೊಳ್ಳೋರು. ಅವರ ಮುಂದೆ ಇದನ್ನೆಲ್ಲ ಒದರಿದಾಗ ಅಂದರು: ‘ನಾವೇನು ಖುಷಿಗೆ ಕೇಳ್ತೀವಾ ಅಣ್ಣ? ವಿಡಿಯೊ ಕಾನ್ಫರೆನ್ಸ್‌ನಲ್ಲಿ ಕ್ಲಸ್ಟರ್ ಹೆಸರು ಹಿಡಿದು ಕರೀತಾರೆ. ಶೇಕಡಾ 92 ಅಂದರೆ ಉಳಿದ 8 ಯಾಕೆ ಅಂತಾರೆ. ಎಂಟು ಮಕ್ಕಳ ಆಧಾರೇ ಇಲ್ಲ ಅಂದರೆ ಕಾರಣ ಬೇಡ, ಪ್ರಗತಿ ಬೇಕು ಅಂತಾರೆ.’ ಕಾರಣ ಬೇಡ, ಪ್ರಗತಿ ಬೇಕು ಅಂದಾಗ ಜನ ಏನು ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ಸಂಖ್ಯೆ ತುಂಬ್ತಾರೆ. ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ. 73.40. ಅದೂ ಭಾರೀ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೆ. ಒಂದೇ ವರ್ಷಕ್ಕೆ ಮಕ್ಕಳೇನು ದಡ್ಡರಾಗಲಿಲ್ಲ. ನೋಟಿಸಿನ ಭಯಕ್ಕೆ ಕಟ್ಟಿದ ಅಂಕಿ ಕ್ಯಾಮೆರಾ ಬಂದ ಕೂಡಲೇ ಕುಸೀತು ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಏನು ಮಾಡಬೇಕು? ಸ್ಯಾಟ್ಸ್ ಮತ್ತು ಯುಡೈಸ್ ಪ್ಲಸ್ ಎರಡಕ್ಕೂ ಒಂದೇ ಕಡೆ ಎಂಟ್ರಿ ಸಾಕು ಅನ್ನೋ ವ್ಯವಸ್ಥೆ ಬೆಂಗಳೂರು-ದೆಹಲಿ ನಡುವೆ ಆಗಬೇಕು, ಅದು ನಮ್ಮ ಕೈಲಿಲ್ಲ. ರಾಜ್ಯ ಇವತ್ತೇ ಮಾಡಬಹುದಾದದ್ದು ಬೇರೆ ಇದೆ. ಶಾಲೆಯಿಂದ ಮಾಹಿತಿ ಕೇಳೋ ಪ್ರತಿ ಮೆಸೇಜಿಗೂ ಒಂದು ಆದೇಶ ಸಂಖ್ಯೆ ಇರಲಿ. ಈ ಮಾಹಿತಿ ಸ್ಯಾಟ್ಸ್‌ನಲ್ಲಾಗಲೀ ಯುಡೈಸ್‌ನಲ್ಲಾಗಲೀ ಇಲ್ಲ ಅಂತ ಕೇಳೋ ಅಧಿಕಾರಿ ಸಹಿ ಮಾಡಲಿ. ಸಹಿ ಇಲ್ಲದ ಗೂಗಲ್ ಫಾರ್ಮ್ ತುಂಬಬೇಕಿಲ್ಲ ಅಂತ ಸುತ್ತೋಲೆ ಹೊರಡಲಿ. ಅರ್ಧಕ್ಕರ್ಧ ಫಾರ್ಮು ಅಲ್ಲೇ ಸಾಯ್ತವೆ, ಬರೆದಿಟ್ಕೊಳ್ಳಿ. ವರ್ಷದ ಮೊದಲಲ್ಲೇ ಯಾವ ತಿಂಗಳು ಯಾವ ವರದಿ ಅಂತ ಒಂದು ವೇಳಾಪಟ್ಟಿ ಕೊಡಲಿ. ಕ್ಲಸ್ಟರಿಗೊಬ್ಬ ಡೇಟಾ ಎಂಟ್ರಿ ಆಪರೇಟರ್ ಕೊಡೋದು ಅಂಥಾ ದೊಡ್ಡ ಖರ್ಚಲ್ಲ. ನನ್ನ ಅಂಗಡಿಗೆ ಮೇಷ್ಟ್ರು ತಮ್ಮ ಜೇಬಿಂದ ಸುರಿಯೋ ದುಡ್ಡು ಕೂಡಿಸಿದರೇ ಒಬ್ಬನ ಅರ್ಧ ಸಂಬಳ ಹುಟ್ಟುತ್ತೇನೋ.

ಎಲ್ಲಕ್ಕಿಂತ ಮುಖ್ಯವಾದದ್ದು, ಈ ಲೆಕ್ಕ ಕೆಳಗೂ ಇಳೀಬೇಕು. ಶಾಲೆ ತಾಲ್ಲೂಕಿನ ಬಿಇಒ ಆಫೀಸಿಗೆ ಉತ್ತರ ಕೊಡುತ್ತೆ, ಅಲ್ಲಿಂದ ಜಿಲ್ಲೆಯ ಡಿಡಿಪಿಐ ಆಫೀಸಿಗೆ, ಅಲ್ಲಿಂದ ಬೆಂಗಳೂರಿಗೆ. ಊರಿಗೆ ಯಾರು ಉತ್ತರ ಕೊಡ್ತಾರೆ? ಎಸ್‌ಡಿಎಂಸಿ ಸಭೆಯಲ್ಲಿ ನಮ್ಮ ಕೈಗೆ ಬರೋದು ನಡಾವಳಿ ಪುಸ್ತಕ, ಸಹಿ ಮಾಡೋಕೆ. ನನ್ನ ಮಗಳ ಕ್ಲಾಸಲ್ಲಿ ಎಷ್ಟು ಮಕ್ಕಳು ಒಂದು ಪ್ಯಾರಾ ತಡವರಿಸದೆ ಓದ್ತಾರೆ? ಮಂಜೂರಾದ ಹುದ್ದೆ ಎಷ್ಟು, ಇರೋರು ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು? ಸೋರೋ ಕೊಠಡಿಗೆ ಕಳಿಸಿದ ಅರ್ಜಿ ಎಲ್ಲಿದೆ? ನನಗೆ ಈ ಮೂರು ಉತ್ತರ ಸಾಕು. ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಶಾಲೆ ಗೋಡೆ ಮೇಲೆ ಅಂಟಿಸಿ. ಮೂರನೇ ಪ್ರಶ್ನೆಗೆ ಉತ್ತರ ಕೊಡಬೇಕಾದೋರು ಮೇಷ್ಟ್ರಲ್ಲ, ಮೇಲಿನವರು. ಅದಕ್ಕೇ ಆ ಹಾಳೆ ಇದುವರೆಗೂ ಅಂಟಿಲ್ಲ ಅಂತ ನನ್ನ ಗುಮಾನಿ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನಾನೊಂದು ಪ್ರಸ್ತಾಪ ಇಡ್ತಿದ್ದೀನಿ. ಶಾಲೆಯಲ್ಲಿ ಒಂದು ನೋಟ್‌ಬುಕ್. ಯಾವ ದಿನ, ಯಾವ ಆಫೀಸಿಂದ, ಯಾವ ಮಾಹಿತಿ ಕೇಳಿದರು, ಅದು ಮೊದಲೇ ಎಲ್ಲಿ ತುಂಬಿತ್ತು, ತುಂಬೋಕೆ ಎಷ್ಟು ಹೊತ್ತಾಯ್ತು, ಅಷ್ಟೇ. ಬರೆಯೋದು ಮೇಷ್ಟ್ರಲ್ಲ, ಅವರಿಗೆ ಇನ್ನೊಂದು ವಹಿ ಹೊರಿಸೋ ಪಾಪ ನನಗೆ ಬೇಡ. ವಾಟ್ಸಾಪ್ ಮೆಸೇಜನ್ನ ಎಚ್‌ಎಂ ನನಗೆ ಫಾರ್ವರ್ಡ್ ಮಾಡಿದರೆ ನಾನೇ ಬರೀತೀನಿ. ಮಾರ್ಚ್ ಮುಗಿದ ಮೇಲೆ ಅದರ ಜೆರಾಕ್ಸ್ ಸಮಿತಿ ನಿರ್ಣಯದ ಜೊತೆ ಬಿಇಒ ಆಫೀಸಿಗೆ, ಶಾಸಕರಿಗೆ ಹೋಗುತ್ತೆ. ಜೆರಾಕ್ಸ್ ಖರ್ಚು ನನ್ನದು. ಗೌರಿಬಿದನೂರು, ಮುಳಬಾಗಿಲು, ಪಾವಗಡ ಕಡೆಯ ಎಸ್‌ಡಿಎಂಸಿಯವರು ಯಾರಾದರೂ ಇದನ್ನ ಓದ್ತಿದ್ದರೆ, ನಿಮ್ಮ ಶಾಲೆಯಲ್ಲೂ ಇಡಿ. ನಮೂನೆ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ. ಐದೇ ಕಾಲಂ, ಶೂನ್ಯ ವರದಿ ಕಡ್ಡಾಯ ಇಲ್ಲ.